ಕಟ್ಟಡ ಬಂತು, ಕಲಿಸುವವರು ಬರಲಿಲ್ಲ

ಆಳಂದದ ಓದುಗರಿಗೆ ನಮಸ್ಕಾರಗಳು.

ಮಗಳು ಎಂ.ಎಸ್ಸಿ. ಓದುತ್ತಿರುವ ವಿಭಾಗಕ್ಕೆ ಹೊಸ ಕಟ್ಟಡವಾಗಿದ್ದರೂ ಪಾಠಗಳನ್ನೆಲ್ಲ ಅತಿಥಿ ಉಪನ್ಯಾಸಕರೇ ಮಾಡುತ್ತಿದ್ದಾರೆ, ಕಟ್ಟಡದ ಹಣದಲ್ಲಿ ಕಾಯಂ ಅಧ್ಯಾಪಕರಿಗೆ ಸಂಬಳ ಕೊಡಬಾರದಿತ್ತೇ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಕಟ್ಟಡಕ್ಕೆಂದು ಮಂಜೂರಾದ ಹಣವನ್ನು ಸಂಬಳಕ್ಕೆ ತಿರುಗಿಸುವ ಅಧಿಕಾರ ಕುಲಪತಿಗಳಿಗಿಲ್ಲ.

2013ರಲ್ಲಿ ಶುರುವಾದ ರೂಸಾ (ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ) ಎಂಬ ಉನ್ನತ ಶಿಕ್ಷಣ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಮೂಲಸೌಕರ್ಯಕ್ಕೆ ಕೊಟ್ಟ ಅನುದಾನ ಹೊಸ ಕಟ್ಟಡ, ನವೀಕರಣ, ಉಪಕರಣಗಳಿಗೇ ಮೀಸಲಾಗಿತ್ತು. ಇಂಥ ಹಣ ಒಮ್ಮೆ ಬಂದು ಮುಗಿಯುವಂಥದ್ದು. ಕಾಯಂ ಹುದ್ದೆಯಾದರೋ ಸರ್ಕಾರದ ಮೇಲೆ ಮೂರು ದಶಕಗಳ ಸಂಬಳವನ್ನೂ ಅನಂತರದ ಹೊಣೆಯನ್ನೂ ಹೊರಿಸುವುದರಿಂದ, ಆರ್ಥಿಕ ಇಲಾಖೆಯ ಒಪ್ಪಿಗೆ ಸಿಗದೆ ನೇಮಕಾತಿ ಕಡತಗಳು ವರ್ಷಗಟ್ಟಲೆ ನಿಲ್ಲುತ್ತವೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಇನ್ನೊಂದು ತೊಡಕಿದೆ, ಅದರ ಚರ್ಚೆಯೇ ಕಡಿಮೆ. ವಿಶ್ವವಿದ್ಯಾಲಯಗಳ ಸ್ವಂತ ಆದಾಯದ ದೊಡ್ಡ ಪಾಲು ಕಾಲೇಜುಗಳು ತಮ್ಮ ಮಾನ್ಯತೆಗಾಗಿ ಕಟ್ಟುವ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ ಬರುತ್ತದೆ. ಅತಿಥಿ ಉಪನ್ಯಾಸಕರ ಗೌರವಧನಕ್ಕೂ ಬಹುಮಟ್ಟಿಗೆ ಇದೇ ಆಧಾರ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ ಮೊದಲು ಬಳ್ಳಾರಿ, ಬಳಿಕ ರಾಯಚೂರು ಮತ್ತು ಯಾದಗಿರಿ, ಈಚೆಗೆ ಬೀದರ್ ಹೊಸ ವಿಶ್ವವಿದ್ಯಾಲಯಗಳಿಗೆ ಸೇರಿ ಹೊರಗಾದವು. ಕಾಲೇಜುಗಳೊಡನೆ ಅವುಗಳ ಶುಲ್ಕವೂ ಹೋಯಿತು, ಹಳೆಯ ವೆಚ್ಚಗಳು ಮಾತ್ರ ಉಳಿದವು. ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ, ಏಕೆಂದರೆ ಬೀದರ್ ಜಿಲ್ಲೆಯ ಔರಾದಿನ ಹೆಣ್ಣುಮಕ್ಕಳಿಗೆ ಕಲಬುರಗಿ ನಿಜವಾಗಿಯೂ ದೂರ. ಆದರೆ ಹುದ್ದೆಗಳನ್ನು ಕೊಡದೆ ವಿಶ್ವವಿದ್ಯಾಲಯವನ್ನು ಘೋಷಿಸುವುದು ಆ ಮಕ್ಕಳಿಗೇ ಮಾಡುವ ಅನ್ಯಾಯ.

ಅತಿಥಿ ಉಪನ್ಯಾಸಕರನ್ನು ನಾವು ದೂರಬಾರದು. ಮುಂದಿನ ವರ್ಷ ಕೆಲಸವಿರುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲೇ ಅವರು ಪಾಠ ಮಾಡುತ್ತಾರೆ. ಹಲವು ವರ್ಷ ಬೇಡುವ ಪಿಎಚ್.ಡಿ. ಮಾರ್ಗದರ್ಶನವನ್ನು ಅವರಿಂದ ನಿರೀಕ್ಷಿಸುವಂತೆಯೇ ಇಲ್ಲ. ಗುತ್ತಿಗೆ ನೇಮಕಾತಿ ಒಟ್ಟು ಅಧ್ಯಾಪಕ ಹುದ್ದೆಗಳ ಶೇ. 10ನ್ನು ಮೀರಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯೇ ಹೇಳಿತ್ತು. ಸಂವಿಧಾನದ 371(ಜೆ) ವಿಧಿಯು ಈ ಭಾಗದವರಿಗೆ ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿದೆ ನಿಜ, ಆದರೆ ಭರ್ತಿಯಾಗದ ಹುದ್ದೆಯ ಮೀಸಲಾತಿಯಿಂದ ಯಾರಿಗೂ ಕೆಲಸ ಸಿಗುವುದಿಲ್ಲ.

ಪ್ರಯೋಗಾಲಯವಿಲ್ಲದೆ ವಿಜ್ಞಾನ ಕಲಿಸಲಾಗದು, ಹೀಗಾಗಿ ಕಟ್ಟಡವೇ ಬೇಡವೆಂದು ನಾವು ಹೇಳಲಾರೆವು. ಯಾವುದೇ ವಿಭಾಗದ ಕಟ್ಟಡಕ್ಕೆ ಮಂಜೂರಾತಿ ಕೊಡುವ ಆದೇಶದಲ್ಲಿಯೇ ಅಲ್ಲಿ ಭರ್ತಿ ಮಾಡಬೇಕಾದ ಹುದ್ದೆಗಳ ಸಂಖ್ಯೆ ಮತ್ತು ಗಡುವು ಇರಬೇಕೆಂಬುದು ನಮ್ಮ ಒತ್ತಾಯ. ನೀವು ಮಾಹಿತಿ ಹಕ್ಕಿನಡಿ ಆ ವಿಭಾಗದ ಮಂಜೂರಾದ ಹುದ್ದೆಗಳು, ಭರ್ತಿಯಾದವು, ಕೊನೆಯ ನೇಮಕಾತಿಯ ವರ್ಷ ಇವಿಷ್ಟನ್ನು ಕೇಳಿ ಅರ್ಜಿ ಹಾಕಿರಿ. ಉತ್ತರ ಬಂದೊಡನೆ ನಮಗೆ ಕಳುಹಿಸಿ, ಪ್ರಕಟಿಸುತ್ತೇವೆ.

– ಸಂಪಾದಕ