ತುಪ್ಪ ಕೆಡುತ್ತದೆ, ಕಲ್ಲಿನೊಳಗಿನ ಕೊಬ್ಬು ಉಳಿಯುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಕಡೆಯವನು. ಗೋವೆಯ ಡಿಚೋಲಿ ಸುತ್ತಲಿನ ಕಬ್ಬಿಣದ ಅದಿರಿನ ಗಣಿಗಳಲ್ಲಿ ಹಲವು ವರ್ಷ ದುಡಿದಿದ್ದೇನೆ. ರಸಾಯನಶಾಸ್ತ್ರ ಓದುತ್ತಿರುವ ಮಗಳು, ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿನಲ್ಲಿ ಬ್ಯಾಕ್ಟೀರಿಯಾದ ಕೊಬ್ಬು ಸಿಗುತ್ತದೆ ಎನ್ನುತ್ತಾಳೆ. ಡಬ್ಬಿಯಲ್ಲಿಟ್ಟ ತುಪ್ಪವೇ ವರ್ಷದೊಳಗೆ ಕಮಟು ಹಿಡಿಯುವಾಗ ಇದು ಹೇಗೆ ಸಾಧ್ಯ? ಗಣಿಯಿಂದ ತಂದ ಒಂದು ಕಲ್ಲು ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿದೆ, ಅದರಲ್ಲೂ ಸಿಕ್ಕೀತೇ?
— ಒಬ್ಬ ಓದುಗರು, ವಾಸ್ಕೊ

ಉತ್ತರ: ತುಪ್ಪದ ಉದಾಹರಣೆಯಿಂದಲೇ ಹೊರಡೋಣ. ತುಪ್ಪ ಕಮಟುವುದಕ್ಕೆ ಮುಖ್ಯ ಕಾರಣ ಗಾಳಿಯ ಆಮ್ಲಜನಕ. ಅದು ಕೊಬ್ಬಿನ ಅಣುವಿನಲ್ಲಿ ಇಂಗಾಲದ ಜೋಡಿಬಂಧ ಇರುವೆಡೆ ದಾಳಿ ಮಾಡುತ್ತದೆ. ಸತ್ತ ಬ್ಯಾಕ್ಟೀರಿಯಾದ ಕೊಬ್ಬೂ ಬಹುಪಾಲು ಹಾಗೆಯೇ ಹಾಳಾಗುತ್ತದೆ, ಅಥವಾ ಬೇರೆ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಆದರೆ ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇಗನೆ ಹೂತುಹೋದ ಅಲ್ಪ ಭಾಗದಲ್ಲಿ, ಅಣುವಿನ ತುದಿಗೆ ಅಂಟಿಕೊಂಡ ಗುಂಪುಗಳು ಒಂದೊಂದಾಗಿ ಕಳಚಿ, ಜೋಡಿಬಂಧಗಳು ಹೈಡ್ರೋಜನ್ ಪಡೆದು ಸ್ಥಿರಗೊಂಡು, ಕೊನೆಗೆ ಇಂಗಾಲ ಮತ್ತು ಹೈಡ್ರೋಜನ್ನಿನ ಬರಿಯ ಚೌಕಟ್ಟು ಉಳಿಯುತ್ತದೆ. ಹಾಗಾಗಿ ಕಲ್ಲಿನಲ್ಲಿ ಸಿಗುವುದು ಕೊಬ್ಬಲ್ಲ, ಕೊಬ್ಬಿನ ಗೂಡು ಎನ್ನುವುದೇ ಸರಿ.

ಈ ಗೂಡುಗಳಲ್ಲಿ ಹೆಸರಾದದ್ದು ಹೋಪೇನ್. ನಮ್ಮ ಕೋಶಪೊರೆಯನ್ನು ಕೊಲೆಸ್ಟರಾಲ್ ಬಿಗಿಯಾಗಿಡುವಂತೆ, ಅನೇಕ ಬ್ಯಾಕ್ಟೀರಿಯಾಗಳ ಪೊರೆಯನ್ನು ಐದು ಉಂಗುರಗಳ ಹೋಪನಾಯ್ಡ್ ಅಣುಗಳು ಬಿಗಿಯಾಗಿಡುತ್ತವೆ. ಕೊಲೆಸ್ಟರಾಲ್ ತಯಾರಾಗಲು ಆಮ್ಲಜನಕ ಬೇಕು, ಹೋಪನಾಯ್ಡ್‌ಗೆ ಬೇಡ. ಭೂಮಿಯ ಗಾಳಿಗೆ ಆಮ್ಲಜನಕ ಯಾವಾಗ ಸೇರಿತೆಂದು ಯೋಚಿಸುವವರಿಗೆ ಇದು ದೊಡ್ಡ ವ್ಯತ್ಯಾಸ. ಹೆಸರು ಮಾತ್ರ ಬ್ಯಾಕ್ಟೀರಿಯಾದಿಂದ ಬಂದದ್ದಲ್ಲ, ಹೋಪಿಯ ಎಂಬ ಮರಗಳ ಕುಲದಿಂದ ಬಂದದ್ದು. ನಮ್ಮ ಪಶ್ಚಿಮ ಘಟ್ಟದ ಕಿರಾಲ್‌ಬೋಗಿಯೂ ಅದೇ ಕುಲದ್ದು. ಇನ್ನೂ ಸ್ವಾರಸ್ಯವೆಂದರೆ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ರಸಾಯನಶಾಸ್ತ್ರಜ್ಞರಾದ ಗೀ ಊರಿಸೊನ್ ಮತ್ತು ಪಿಯರ್ ಆಲ್ಬ್ರೆಷ್ಟ್ ಅವರ ತಂಡ 35 ಇಂಗಾಲಗಳವರೆಗಿನ ಉದ್ದ ಬಾಲದ ಹೋಪೇನ್‌ಗಳನ್ನು ಪದರಶಿಲೆಗಳಲ್ಲಿ ಕಂಡಾಗ, ಅವನ್ನು ಮಾಡುವ ಜೀವಿ ಯಾವುದೆಂಬುದು ಸ್ಪಷ್ಟವಿರಲಿಲ್ಲ. ಅವುಗಳ ಮೂಲರೂಪವು 1970ರ ದಶಕದಲ್ಲಿ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಗೋವೆಯ ಅಡುಗೆಮನೆಗಳಲ್ಲಿ ಕಳ್ಳನ್ನು ವಿನೆಗರ್ ಮಾಡುವುದು ಇದೇ ಬಳಗ. ಕಲ್ಲಿನ ಸಾಕ್ಷಿ ಮೊದಲು, ಜೀವಿ ಆಮೇಲೆ.

ಪತ್ತೆ ಮಾಡುವ ವಿಧಾನ ಸರಳವಾಗಿ ಹೀಗಿದೆ: ಕಲ್ಲನ್ನು ಪುಡಿಮಾಡಿ, ಸಾವಯವ ದ್ರಾವಕದಲ್ಲಿ ನೆನೆಸಿ, ಇಳಿದ ಅಂಶವನ್ನು ಬೇರ್ಪಡಿಸಿ ತೂಕದ ಪ್ರಕಾರ ಗುರುತಿಸುತ್ತಾರೆ. ಹೋಪೇನ್ ಒಡೆದಾಗ 191 ದ್ರವ್ಯರಾಶಿಯ (ಅಣುವಿನ ತೂಕದ ಅಳತೆಯಲ್ಲಿ) ತುಣುಕು ಎದ್ದು ಕಾಣುತ್ತದೆ.

ಕಷ್ಟವಿರುವುದು ಅಣುವನ್ನು ಕಂಡ ಮೇಲೆ. ಅದು ಯಾರದ್ದು, ಮತ್ತು ಕಲ್ಲಿನಷ್ಟೇ ಹಳೆಯದೇ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಬೇಕು. ಮೊದಲನೆಯದಕ್ಕೆ ಉದಾಹರಣೆ ಎರಡು-ಮೀಥೈಲ್ ಹೋಪೇನ್: ಇದು ಬಿಸಿಲಿನಿಂದ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುವ ಸಯನೋಬ್ಯಾಕ್ಟೀರಿಯಾದ ಗುರುತು ಎಂದು 1999ರಲ್ಲಿ ಪ್ರಸ್ತಾಪವಾಗಿತ್ತು, ಆದರೆ 2007ರಲ್ಲಿ ಆಮ್ಲಜನಕ ಬಿಡುಗಡೆ ಮಾಡದ ರೋಡೋಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾವೂ ಅದರ ಮೂಲ ಅಣುವನ್ನು ತಯಾರಿಸುತ್ತದೆಂದು ತಿಳಿಯಿತು. ಎರಡನೆಯದಕ್ಕೆ ಆಸ್ಟ್ರೇಲಿಯದ ಪಿಲ್ಬರಾ ಪ್ರದೇಶದ ಕಥೆ ಹೇಳಬೇಕು. ಅಲ್ಲಿನ ಸುಮಾರು 270 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ಹೋಪೇನ್‌ಗಳೂ, ಕೊಲೆಸ್ಟರಾಲ್ ಜಾತಿಯ ಅಣುಗಳ ಗೂಡುಗಳೂ ಇವೆಯೆಂದು 1999ರಲ್ಲಿ ವರದಿಯಾಯಿತು. 2008ರಲ್ಲಿ ಅನುಮಾನ ಎದ್ದಿತು. ಹೊರಗಿನ ಎಣ್ಣೆ ತಾಗದಂತೆ ಹೊಸದಾಗಿ ಕೊರೆದು ತೆಗೆದ ಕಲ್ಲನ್ನು ಪರೀಕ್ಷಿಸಿದವರು, ಹಿಂದೆ ಕಂಡದ್ದು ಕಲಬೆರಕೆ ಎಂದು 2015ರಲ್ಲಿ ತೋರಿಸಿದರು. ತಪ್ಪೊಪ್ಪಿಗೆಗೆ ಹದಿನಾರು ವರ್ಷ ಹಿಡಿಯಿತೆಂದು ನಗುವವರಿದ್ದಾರೆ. ನನಗಂತೂ ಈ ಶಾಸ್ತ್ರದ ಮೇಲೆ ಗೌರವ ಹೆಚ್ಚಿದ್ದು ಆಗಲೇ. ಭರವಸೆಯಿಂದ ಹೇಳಬಹುದಾದ ಹಳೆಯ ಸಾಕ್ಷಿಗಳಲ್ಲಿ ಮುಖ್ಯವಾದದ್ದು ಅದೇ ದೇಶದ ಉತ್ತರದ ಬಾರ್ನಿ ಕ್ರೀಕ್ ಶಿಲೆ: 164 ಕೋಟಿ ವರ್ಷ ಹಳೆಯದಾದ ಅದರಲ್ಲಿ ನೇರಳೆ ಮತ್ತು ಹಸಿರು ಗಂಧಕ ಬ್ಯಾಕ್ಟೀರಿಯಾಗಳ ಬಣ್ಣದ ಅಣುಗಳ ಗೂಡುಗಳು ಸಿಕ್ಕಿವೆ. ಆ ಬ್ಯಾಕ್ಟೀರಿಯಾಗಳಿಗೆ ಬೆಳಕೂ ಬೇಕು, ಹೈಡ್ರೋಜನ್ ಸಲ್ಫೈಡೂ ಬೇಕು; ಆದ್ದರಿಂದ ಅಂದಿನ ಕಡಲಿನಲ್ಲಿ ಬಿಸಿಲು ತಲುಪುವ ಆಳದಲ್ಲೇ ಕೊಳೆತ ಮೊಟ್ಟೆಯ ವಾಸನೆಯ ನೀರಿತ್ತು ಎಂದು ಊಹಿಸಬಹುದು.

ಇನ್ನು ನಿಮ್ಮ ಗಣಿಯ ಕಲ್ಲು. ಗೋವೆಯ ಅದಿರಿನ ಶಿಲೆಗಳು ಬಹಳ ಹಳೆಯವು ನಿಜ, ಆದರೆ ಭೂಗರ್ಭದ ಶಾಖ ಮತ್ತು ಒತ್ತಡದಲ್ಲಿ ಬೆಂದು ರೂಪಾಂತರಗೊಂಡವು. ಅಷ್ಟು ಕಾವಿನಲ್ಲಿ ಹೋಪೇನ್ ಉಳಿಯುವುದಿಲ್ಲ. ಬಳಿಕ ಮಳೆನೀರೂ ಆಮ್ಲಜನಕವೂ ಇಳಿದು ಅವನ್ನು ತುಕ್ಕು ಹಿಡಿಸಿವೆ. ಹಾಗಾಗಿ ಆಸೆ ಬೇಡ. ಹುಡುಕುವುದಾದರೆ ಅರಬ್ಬೀ ಸಮುದ್ರದ ತಳದ ಕೆಸರು ಹೆಚ್ಚು ಫಲ ಕೊಡುತ್ತದೆ: ಅದರ ಉತ್ತರ ಭಾಗದಲ್ಲಿ, ಅಮೋನಿಯವನ್ನು ಆಮ್ಲಜನಕವಿಲ್ಲದೆಯೇ ಬಳಸುವ ಬ್ಯಾಕ್ಟೀರಿಯಾಗಳ ಏಣಿಯಾಕಾರದ ಕೊಬ್ಬಿನ ಗುರುತು ಸುಮಾರು 1,40,000 ವರ್ಷ ಹಿಂದಿನವರೆಗೂ ಸಿಕ್ಕಿದೆ. ಏಣಿಯ ಮೆಟ್ಟಿಲುಗಳು ಬಿಸಿ ತಾಳದ ಕಾರಣ, ಅದು ಕೋಟಿ ವರ್ಷದ ಕಲ್ಲಿನಲ್ಲಿ ಉಳಿಯುವಂಥದ್ದಲ್ಲ.

ಪ್ಲಾಸ್ಟಿಕ್ ಚೀಲದ ವಿಚಾರ: ಪ್ಲಾಸ್ಟಿಕ್‌ನಿಂದಲೂ ಕೈಯ ಜಿಡ್ಡಿನಿಂದಲೂ ಸಾವಯವ ಅಣುಗಳು ಕಲ್ಲಿಗೆ ದಾಟುತ್ತವೆ. ಮುಂದೆ ಮಗಳು ಪರೀಕ್ಷೆಗೆಂದು ಕೇಳಿದರೆ ಹೊಸ ತುಂಡನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕೊಡಿ. ಈಗಿರುವುದನ್ನು ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಬಳಸಿಕೊಳ್ಳಬಹುದು.