ಆಲಮಟ್ಟಿ ಹಿನ್ನೀರಿಗೆ ಫೈಬರ್ ಬೋಟ್ ತಡೆಯುತ್ತಾ?

20 ಜನ ಕೂರುವ ಬೋಟ್ ಮಾಡಿಸಬೇಕು, ಕಬ್ಬಿಣದ್ದೋ ಫೈಬರಿನದ್ದೋ, ಫೈಬರ್ ಒಡೆಯುತ್ತೆ ಅಂತಾರಲ್ಲ, ನಿಜವಾ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯಲ್ಲಿ ಫೈಬರ್ ಕೆಲಸವನ್ನೇ ಮಾಡುತ್ತೇನೆ. ಧೈರ್ಯವಾಗಿ ಫೈಬರಿನದ್ದೇ ಮಾಡಿಸಿ. ಆದರೆ ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಿ.

ಕೇರಳದ ವೈಕಂನಲ್ಲಿ 2017ರಲ್ಲಿ ಶುರುವಾದ 75 ಜನರ ಸೋಲಾರ್ ಬೋಟ್ ‘ಆದಿತ್ಯ’ದ ತಳವೂ ಫೈಬರಿನದ್ದೇ. ಅಷ್ಟೇ ಗಾತ್ರದ ಕಬ್ಬಿಣಕ್ಕೆ ಹೋಲಿಸಿದರೆ ಫೈಬರಿನ ತೂಕ ಕಾಲು ಭಾಗವೂ ಇಲ್ಲ, ತುಕ್ಕು ಹಿಡಿಯಲ್ಲ. ಬಾಗುವುದು ಮಾತ್ರ ಜಾಸ್ತಿ. ಅದಕ್ಕೇ ಒಳಗೆ ಉದ್ದಕ್ಕೂ ಅಡ್ಡಕ್ಕೂ ಪಟ್ಟಿ ಕೊಡಲೇಬೇಕು.

ಈಗ ಒಡೆಯುವ ವಿಷಯ. ಫೈಬರಿನಲ್ಲಿ ಭಾರ ಹೊರುವುದು ಗಾಜಿನ ಎಳೆ, ರೆಸಿನ್ ಅಂದರೆ ಗಟ್ಟಿಯಾಗುವ ಅಂಟು ಅದನ್ನು ಹಿಡಿದಿಡುತ್ತೆ ಅಷ್ಟೇ. ಕೆಲವರು ಮ್ಯಾಟ್ (ತುಂಡು ಗಾಜಿನ ಎಳೆಗಳ ಹಾಸು) ಉಳಿಸೋಕೆ ರೆಸಿನ್ ಸುರಿದು ದಪ್ಪ ಮಾಡುತ್ತಾರೆ, ನೋಡೋಕೆ ಗಟ್ಟಿ ಅನಿಸುತ್ತೆ, ಆದರೆ ಪೆಡಸಾಗಿ ಮೊದಲ ಪೆಟ್ಟಿಗೇ ಬಿರುಕು ಬಿಡುವುದು ಅದೇ. ಬರೀ ಮ್ಯಾಟ್ ಸಾಲದು, ನಡುನಡುವೆ ನೇಯ್ದ ರೋವಿಂಗ್, ಅಂದರೆ ಉದ್ದ ಗಾಜಿನ ಎಳೆಯ ದಪ್ಪ ಬಟ್ಟೆ, ಹಾಕಿಸಿ. ಪ್ರತಿ ಪದರಕ್ಕೂ ರೋಲರ್ ಒತ್ತಿ ಗಾಳಿ ಹೊರಗೆ ಹಾಕಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ರೆಸಿನ್ ಬೇಗ ಗಟ್ಟಿಯಾಗುತ್ತೆ, ಮ್ಯಾಟ್ ಪೂರ್ತಿ ನೆನೆಯುವ ಮೊದಲೇ! ಅದಕ್ಕೆ ನಾನು ಬೆಳಗಿನ ತಂಪಿನಲ್ಲೇ ಮುಗಿಸುತ್ತೇನೆ. ನೀರಿಗೆ ತಾಗುವ ಪದರಕ್ಕೆ ನೀರನ್ನು ಚೆನ್ನಾಗಿ ತಡೆಯುವ ಐಸೋ (ಐಸೋಫ್ತಾಲಿಕ್) ರೆಸಿನ್ ಕೇಳಿ. ಸಾದಾ ರೆಸಿನ್ ಆದರೆ ಸಿಹಿನೀರಿನಲ್ಲೂ ನೀರು ಇಳಿದು ಗುಳ್ಳೆ ಏಳುತ್ತೆ.

ನಮ್ಮ ಹಿನ್ನೀರಿನ ಕಷ್ಟ ಬೇರೆ ನೋಡ್ರಿ. ಡ್ಯಾಮ್ ನೀರು ಸಮುದ್ರಮಟ್ಟದಿಂದ 519.6 ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿದಾಗ ಎಲ್ಲ ಸಲೀಸು, ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆ ಊರುಗಳ ಗೋಡೆ, ಕಟ್ಟೆ, ಮರದ ಬುಡ ಎಲ್ಲ ಮೇಲಕ್ಕೆ ಬರುತ್ತವೆ, ಇನ್ನು ಕೆಲವು ಒಂದಡಿ ಕೆಳಗೆ ಕಾಣದೆ ನಿಂತಿರುತ್ತವೆ. ಹಾಗಾಗಿ ತಳದ ನಡುವೆ ಉದ್ದಕ್ಕೂ ಇರುವ ಏಣಿಗೆ (ಕೀಲ್) ಮತ್ತು ಮೂತಿಗೆ ಹೆಚ್ಚಿನ ಪದರ, ಅದರ ಮೇಲೆ ಸ್ಟೀಲ್ ಪಟ್ಟಿ ಹಾಕಿಸಿ. ಪಟ್ಟಿಯ ಬೋಲ್ಟ್ ತೂತನ್ನು ರೆಸಿನ್‌ನಿಂದ ಮುಚ್ಚದಿದ್ದರೆ ಫೈಬರ್ ಪದರದ ಒಳಗೆ ಕೂರಿಸಿದ ಪ್ಲೈವುಡ್‌ಗೆ ನೀರು ಇಳಿದು ಕೊಳೆಯುತ್ತೆ, ಹೊರಗೆ ಏನೂ ಗೊತ್ತಾಗಲ್ಲ. ಸೀಟಿನ ಕೆಳಗೆ ಫೋಮ್ ತುಂಬಿದ ಖಾನೆಗಳೂ ಇರಲಿ, ನೀರು ನುಗ್ಗಿದರೂ ಬೋಟ್ ತೇಲಬೇಕು, ಹೆಂಗಸರು ಮಕ್ಕಳು ಕೂರುವ ಬೋಟ್ ಅಲ್ವಾ.

ಫೈಬರಿನ ನಿಜವಾದ ದೌರ್ಬಲ್ಯ ಬೆಂಕಿ. ಎಂಜಿನ್ ಪೆಟ್ಟಿಗೆಗೆ ಬೇಗ ಬೆಂಕಿ ಹಿಡಿಯದ ರೆಸಿನ್ ಬಳಸಲೇಬೇಕು, ಡೀಸೆಲ್ ಟ್ಯಾಂಕ್ ಬೇರೆ ಇಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಜಾಗದಲ್ಲಿರಲಿ.

2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಸರ್ವೆ (ಬೋಟಿನ ಸುರಕ್ಷತೆಯ ತಪಾಸಣೆ), ನೋಂದಣಿ ಆಗಬೇಕು. ಅಚ್ಚು ಹಾಕುವ ಮೊದಲೇ ಸರ್ವೆ ಮಾಡುವವರಿಗೆ ನಕ್ಷೆ ತೋರಿಸಿ, ಆಮೇಲೆ ಬದಲಾಯಿಸುವುದು ತುಂಬಾ ಕಷ್ಟ. ಬೋಟ್ ಕೈಗೆ ಬಂದ ದಿನ ನಾಣ್ಯದಿಂದ ತಳವನ್ನೆಲ್ಲ ತಟ್ಟಿ ನೋಡಿ. ಎಲ್ಲಿ ಟೊಳ್ಳು ಸದ್ದು ಬರುತ್ತೋ ಅಲ್ಲಿ ಪದರ ಕೂತಿಲ್ಲ. ಅದನ್ನು ಸರಿ ಮಾಡಿಸಿಯೇ ಬಾಕಿ ಹಣ ಕೊಡಿ.