ಮೈಲು ಇದ್ದರೆ ಬಿಸಿನೆಸ್ ಕ್ಲಾಸ್ ಸಿಗುತ್ತಾ? ಸಿರುಗುಪ್ಪದ ಗೌಡ್ರಿಗೆ ಉತ್ತರ

ಗೌಡ್ರೇ, ನಮಸ್ಕಾರ. ನಮ್ಮ ಭತ್ತ ಬೆಳೆಗಾರರ ಗುಂಪಿನಲ್ಲಿ ವಿಮಾನದ ಮಾತು ಯಾಕೆ ಅಂತ ಯಾರೂ ಬೈಯಬೇಡಿ. ಎರಡನೇ ಬೆಳೆಗೆ ನೀರಿಲ್ಲ, ಗದ್ದೆ ಖಾಲಿ. ಮಕ್ಕಳ ಮನೆಗಾದರೂ ಹೋಗಿ ಬರೋಣ ಅಂತ ನಮ್ಮ ಮಾನ್ವಿ ಕಡೆಯೇ ನಾಲ್ಕೈದು ಮನೆಯವರು ಹೊರಟಿದ್ದಾರೆ. ಅವರಿಗೂ ಆಗುತ್ತೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಇಷ್ಟು. ಮಗಳ ಬಾಣಂತನಕ್ಕೆ ಗಂಡ ಹೆಂಡತಿ ಇಬ್ಬರೂ ನ್ಯೂಜೆರ್ಸಿಗೆ ಹೋಗಬೇಕು. ಅಕ್ಕನವರಿಗೆ ಮಂಡಿ ನೋವು. ನಿಮ್ಮ ಖಾತೆಯಲ್ಲಿ 64 ಸಾವಿರ ಮೈಲು, ಅಂದರೆ ವಿಮಾನ ಕಂಪನಿ ಕೊಡುವ ಪಾಯಿಂಟ್, ಕೂಡಿದೆ. ಇದ್ದುದರಲ್ಲಿ ಅಗ್ಗದ ಟಿಕೆಟ್ ತೆಗೆದು, ಏರ್‌ಪೋರ್ಟಿನಲ್ಲಿ ಮೈಲು ಕೊಟ್ಟು ಮಲಗಿ ಹೋಗುವ ಬಿಸಿನೆಸ್ ಕ್ಲಾಸ್ ಮಾಡಿಸಿಕೊಳ್ಳಬಹುದಾ?

ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಅಪ್‌ಗ್ರೇಡ್ (ಮೇಲಿನ ಕ್ಲಾಸಿಗೆ ಏರೋದು) ಆಗುತ್ತಾ ಇಲ್ಲವಾ ಅನ್ನೋದು ಟಿಕೆಟ್ ಕೊಂಡ ದಿನವೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತೆ. ನಾನೂ ನಿಮ್ಮ ಹಾಗೇ ಅಂದುಕೊಂಡು ಕೆಟ್ಟವನು. ಎರಡನೇ ಸಲ ಮಗನ ಮನೆಗೆ ಡಲ್ಲಾಸಿಗೆ ಹೊರಟಿದ್ದೆವು. ನಮಗೆ ಬೆಂಗಳೂರಿಗಿಂತ ಹೈದರಾಬಾದಿನ ಶಂಷಾಬಾದ್ ಹತ್ತಿರ, ಅಲ್ಲಿಂದಲೇ ವಿಮಾನ. ರಾತ್ರಿ ಒಂದು ಗಂಟೆ. ಕೌಂಟರಿನಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು. ಕಂಪ್ಯೂಟರ್ ಪರದೆಯನ್ನೇ ನನ್ನ ಕಡೆ ತಿರುಗಿಸಿ, ಟಿಕೆಟಿನ ಮೇಲಿದ್ದ ಒಂದೇ ಒಂದು ಅಕ್ಷರದ ಮೇಲೆ ಪೆನ್ನಿನ ತುದಿ ಇಟ್ಟಳು. "ಅಂಕಲ್, ಮೈಲು ಬೇಕಾದಷ್ಟಿದೆ. ಸೀಟೂ ಇದೆ. ಆದರೆ ಈ ಟಿಕೆಟ್ ಅಪ್‌ಗ್ರೇಡ್ ಆಗಲ್ಲ" ಅಂದಳು. ನಮ್ಮ ಮನೆಯವರು ಟ್ರಾಲಿಯ ಅಂಚಿಗೆ ಕೂತು ಕಾಲು ನೀವಿಕೊಳ್ಳುತ್ತಿದ್ದರು. ತಲೆ ಎತ್ತದೇ, "ಟಿಕೆಟ್ ತಗೊಳ್ಳೋವಾಗ ಕೇಳಬಾರದಿತ್ತಾ?" ಅಂದರು. ಅಷ್ಟೇ. ಹದಿನಾರು ಗಂಟೆ ಆ ಮಾತು ನನ್ನ ಪಕ್ಕದಲ್ಲೇ ಕೂತಿತ್ತು.

ಆ ಅಕ್ಷರ ಏನು ಅಂತ ಹೇಳುತ್ತೇನೆ. ಇಕಾನಮಿಯಲ್ಲಿ, ಅಂದರೆ ಸಾಮಾನ್ಯ ಕ್ಲಾಸಿನಲ್ಲಿ, ಎಲ್ಲರ ಸೀಟೂ ಒಂದೇ, ರೇಟು ಮಾತ್ರ ಹತ್ತು ಹನ್ನೆರಡು ಥರ. ಒಂದೇ ಗದ್ದೆಯ ಭತ್ತಕ್ಕೆ ತೇವ ನೋಡಿ ಬೇರೆ ಬೇರೆ ರೇಟು ಕಟ್ಟುತ್ತಾರಲ್ಲ, ಹಾಗೆ. ಒಂದೊಂದು ರೇಟಿಗೂ ಒಂದೊಂದು ಇಂಗ್ಲಿಷ್ ಅಕ್ಷರ. ಹೆಚ್ಚಿನ ಕಂಪನಿಗಳಲ್ಲಿ 'ವೈ' ಅಂದರೆ ಪೂರ್ತಿ ರೇಟಿನ ಇಕಾನಮಿ. ತೀರಾ ಅಗ್ಗದ ಅಕ್ಷರಗಳಿಗೆ ಮೈಲು ಹಾಕಿ ಮೇಲೇರಲು ಬಿಡಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ 'ಕ್ಯೂ', 'ಓ', 'ಜಿ' ಇದ್ದರೆ ಮುಗಿಯಿತು. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ 'ಲೈಟ್' ಅನ್ನೋ ಟಿಕೆಟಿಗೆ ಆಗಲ್ಲ. ನಿಮ್ಮ ಮೈಲು ಯಾವ ಕಂಪನಿಯದು ಅಂತ ನೀವು ಬರೆದಿಲ್ಲ. ಯಾವುದೇ ಇರಲಿ, ದುಡ್ಡು ಕಟ್ಟುವ ಮೊದಲು ಈ ಅಕ್ಷರ ಕೇಳಿ.

ಇನ್ನೊಂದು, ಸೀಟು. ವೆಬ್‌ಸೈಟಿನಲ್ಲಿ ಬಿಸಿನೆಸ್ ಕ್ಲಾಸಿನ ಅರ್ಧ ಸೀಟು ಖಾಲಿ ಕಾಣಬಹುದು. ಅದನ್ನು ನೋಡಿ ಖುಷಿಪಡಬೇಡಿ. ಡ್ಯಾಂ ತುಂಬಿದೆ ಅಂತ ನಮ್ಮ ತೂಬಿಗೆ ನೀರು ಬಂದಿದೆಯಾ ಯಾವತ್ತಾದರೂ? ಮೈಲಿಗೆ ಅಂತ ಬಿಡುವ ಸೀಟು ಬೇರೆಯೇ, ಎರಡೋ ನಾಲ್ಕೋ ಇರುತ್ತವೆ. ಅವು ಮುಗಿದರೆ ವೇಟಿಂಗ್ ಲಿಸ್ಟ್. ಅಲ್ಲಿ ಪದೇ ಪದೇ ಹಾರುವವರಿಗೆ ಕಂಪನಿ ಕೊಡುವ ಗೋಲ್ಡ್ ಕಾರ್ಡ್, ಪ್ಲಾಟಿನಂ ಕಾರ್ಡಿನವರು ಮೇಲ್ಭಾಗದವರು, ನಾವು ನೀವು ಕಾಲುವೆ ಕೊನೆಯವರು. ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮೊದಲು ಸೀಟು, ಆಮೇಲೆ ಟಿಕೆಟ್. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಹೀಗೆ ಕೇಳಿ: "ಇಂಥ ತಾರೀಖಿನ ಇಂಥ ವಿಮಾನಕ್ಕೆ ಮೈಲಿನ ಅಪ್‌ಗ್ರೇಡ್ ಸೀಟು ಈಗ ಇದೆಯಾ? ಯಾವ ಅಕ್ಷರದ ಟಿಕೆಟ್ ಕೊಂಡರೆ ಈಗಲೇ ಕನ್‌ಫರ್ಮ್ ಆಗುತ್ತೆ?" ತಾರೀಖು ಒಂದೆರಡು ದಿನ ಹಿಂದೆ ಮುಂದೆ ಆದರೂ ಪರವಾಗಿಲ್ಲ ಅಂತ ಹೇಳಿ. ಬಾಣಂತನಕ್ಕೆ ಹೋಗುವವರು ಹೇಗೂ ಹದಿನೈದು ದಿನ ಮೊದಲೇ ಹೋಗುತ್ತೀರಿ, ಅಲ್ವಾ?

ಟಿಕೆಟನ್ನು ಕಂಪನಿಯಿಂದಲೇ ಕೊಳ್ಳಿ. ಟಿಕೆಟಿನ ಮೇಲೆ ಒಂದು ಕಂಪನಿಯ ನಂಬರ್ ಇದ್ದು, ಹಾರಿಸುವುದು ಇನ್ನೊಂದು ಕಂಪನಿ ಆಗಿರಬಹುದು. ಅಂಥದ್ದಕ್ಕೆ ನಿಮ್ಮ ಮೈಲು ಸಾಮಾನ್ಯವಾಗಿ ನಡೆಯಲ್ಲ. ಲುಫ್ತಾನ್ಸಾ, ಏರ್ ಇಂಡಿಯಾ, ಸಿಂಗಪುರ್ ಎಲ್ಲ ಸ್ಟಾರ್ ಅಲಯನ್ಸ್ ಅನ್ನೋ ಒಂದೇ ಕೂಟದಲ್ಲಿವೆ. ಒಬ್ಬರ ಮೈಲಿನಲ್ಲಿ ಇನ್ನೊಬ್ಬರ ವಿಮಾನದಲ್ಲಿ ಮೇಲೇರುವ ದಾರಿಯೂ ಆ ಕೂಟದಲ್ಲಿದೆ. ಆದರೆ ಅದಕ್ಕೆ ದುಬಾರಿ ಅಕ್ಷರದ ಟಿಕೆಟ್ಟೇ ಬೇಕು. ನಮಗೆ ಗಿಟ್ಟುವ ಬಾಬತ್ತಲ್ಲ. ಕ್ಲಬ್ ವಿಸ್ತಾರಾದ ಹಳೆಯ ಪಾಯಿಂಟ್ ಇದ್ದವರು ಗಾಬರಿಯಾಗಬೇಡಿ. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಯಿತಲ್ಲ, ಆ ಪಾಯಿಂಟೆಲ್ಲ ಈಗ ಏರ್ ಇಂಡಿಯಾದ ಮೈಲಿನ ಖಾತೆಯಾದ ಮಹಾರಾಜಾ ಕ್ಲಬ್ಬಿನಲ್ಲಿವೆ.

ಈಗ ನಿಮ್ಮ 64 ಸಾವಿರದ ವಿಷಯ. ಇಬ್ಬರಿಗೂ ಹೋಗಿ ಬರಲು ಪೂರ್ತಿ ಬಿಸಿನೆಸ್ ಅನ್ನೋ ಆಸೆ ಬಿಡಿ. ಯಾವ ಹಾರಾಟಕ್ಕೆ ಹಾಕಬೇಕು ಅಂತ ಯೋಚಿಸಿ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ದುಬೈನಿಂದ ನ್ಯೂಯಾರ್ಕಿಗೆ ಹದಿನಾಲ್ಕು ಗಂಟೆ. ನಾಲ್ಕು ಗಂಟೆಗೆ ಮೈಲು ಸುರಿದರೆ ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಇಳಿಯುವ ಹೊತ್ತು. ಫ್ರಾಂಕ್‌ಫರ್ಟ್ ಮೇಲೆ ಹೋಗುವುದಾದರೆ ಎರಡೂ ಹಾರಾಟ ಹೆಚ್ಚುಕಡಿಮೆ ಸಮ. ಆಗ ಇಲ್ಲಿಂದ ಮಧ್ಯರಾತ್ರಿ ಮೇಲೆ ಹೊರಡುವುದಕ್ಕೇ ಹಾಕಿ, ಮಲಗೋ ಹೊತ್ತು ಅದು. ಬರುವಾಗ ಅಮೆರಿಕದಿಂದ ಯುರೋಪಿಗೆ ಬರೋದು ರಾತ್ರಿ, ಆಗ ಅದಕ್ಕೆ ಹಾಕಿ.

ವಿಮಾನ ಯಾವುದು ಅಂತಲೂ ನೋಡಿ. ಬಿಸಿನೆಸ್ ಅಂದ ಮಾತ್ರಕ್ಕೆ ಎಲ್ಲಾ ಕಡೆ ಒಂದೇ ಥರ ಇರಲ್ಲ. ಎಮಿರೇಟ್ಸ್‌ನ ಹಳೆಯ ಬೋಯಿಂಗ್ 777 ವಿಮಾನಗಳಲ್ಲಿ ಬಿಸಿನೆಸ್ ಸಾಲು ಎರಡು-ಮೂರು-ಎರಡು. ಮಧ್ಯದ ಸೀಟು ಬಿದ್ದರೆ ಬಸ್ಸಿನ ನೆನಪಾಗುತ್ತೆ. ಮಂಡಿ ನೋವಿನವರಿಗೆ ಓಡಾಡುವ ದಾರಿಯ ಪಕ್ಕದ ಸೀಟೇ ಬೇಕು.

ಲೆಕ್ಕ ಹೀಗೆ ಹಾಕಿ. ಅಂಕಿ ನಾನು ಸುಮ್ನೆ ಹಿಡಿದದ್ದು, ನಿಮ್ಮದನ್ನು ನೀವು ಕೂರಿಸಿಕೊಳ್ಳಿ. ಅಗ್ಗದ ಇಕಾನಮಿ 90 ಸಾವಿರ. ಅಪ್‌ಗ್ರೇಡಿಗೆ ಒಪ್ಪುವ ಇಕಾನಮಿ 1 ಲಕ್ಷ 15 ಸಾವಿರ. 25 ಸಾವಿರ ಅಲ್ಲೇ ಹೋಯಿತು. ಮೇಲೆ 45 ಸಾವಿರ ಮೈಲು. ಆ ಒಂದು ಹಾರಾಟದ ಹಾಸಿಗೆಗೆ ನೀವು ಜೇಬಿನಿಂದ ಎಷ್ಟು ಕೊಡುತ್ತಿದ್ದಿರಿ? 60 ಸಾವಿರ ಅನ್ನಿ. ಅದರಲ್ಲಿ 25 ಕಳೆದರೆ 35 ಸಾವಿರ. 45 ಸಾವಿರ ಮೈಲಿಗೆ ಹಂಚಿದರೆ ಮೈಲಿಗೆ 78 ಪೈಸೆ ಬಿತ್ತು. ಐವತ್ತು ಪೈಸೆಗಿಂತ ಕೆಳಗೆ ಬಂದರೆ ನಾನು ಮುಟ್ಟಲ್ಲ. ಬಿಸಿನೆಸ್ ಟಿಕೆಟಿನ ರೇಟು ಎರಡೂವರೆ ಲಕ್ಷ, ಅಷ್ಟೂ ಉಳಿಯಿತು ಅಂತ ಲೆಕ್ಕ ಹಾಕುವವರಿದ್ದಾರೆ. ಎರಡೂವರೆ ಲಕ್ಷ ಕೊಟ್ಟು ನಾವು ಯಾವತ್ತು ಹೋಗುತ್ತಿದ್ದೆವು? ಒಮ್ಮೊಮ್ಮೆ ಅಪ್‌ಗ್ರೇಡಿಗಿಂತ ಪೂರ್ತಿ ಮೈಲಿನಲ್ಲೇ ಒಂದು ದಾರಿಯ ಬಿಸಿನೆಸ್ ಟಿಕೆಟ್ ತೆಗೆಯುವುದೇ ಲಾಭ. ಅದನ್ನೂ ಕೇಳಿ ನೋಡಿ. ತೆರಿಗೆ, ಸರ್‌ಚಾರ್ಜ್ ಅಂತ ನಗದು ಎಷ್ಟು ಕಟ್ಟಬೇಕು ಅಂತ ಜೊತೆಗೇ ಕೇಳಿ.

ನಿಮ್ಮ ಮೈಲು ಒಬ್ಬರಿಗೇ ಸಾಲುವುದಾದರೆ ಅಕ್ಕನವರಿಗೆ ಅಂತ ಬರೆದಿದ್ದೀರಿ. ಸರಿಯೇ. ಆದರೆ ಮೂರನೇ ಸಲ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ. ಅವರಿಗೆ ಮುಂದೆ ಹಾಸಿಗೆ ಸೀಟು ಮಾಡಿಸಿ ನಾನು ಹಿಂದೆ ಕೂತೆ. ಬಹಳ ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಎರಡು ತಾಸಿಗೆ ಪರದೆ ಸರಿಸಿಕೊಂಡು ಬಂದೇಬಿಟ್ಟರು. ಸೀಟು ಚಪ್ಪಟೆ ಮಾಡೋ ಗುಂಡಿ ಯಾವುದು ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಕೇಳಲು ಸಂಕೋಚ. ಊಟದ ಪಟ್ಟಿ ಕೊಟ್ಟರಂತೆ, ಯಾವುದರಲ್ಲಿ ಏನಿದೆಯೋ ಅಂತ ಏನೂ ಬೇಡ ಅಂದಿದ್ದಾರೆ. ಕೈಚೀಲದಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ನನ್ನ ಹತ್ತಿರ ಇತ್ತು. ಅದಕ್ಕೆ ಬಂದದ್ದು. ಹಿಂದಿನವರನ್ನು ಮುಂದಕ್ಕೆ ಬಿಡಲ್ಲ, ನಾನು ಹೋಗಿ ಗುಂಡಿ ತೋರಿಸುವ ಹಾಗೂ ಇಲ್ಲ. ಕೊನೆಗೆ ಗಗನಸಖಿಗೆ ಹೇಳಿ ಕಳಿಸಿದೆ.

ಅದಕ್ಕೇ ನನ್ನ ಮಾತು: ಒಬ್ಬರೇ ಕೂರುವುದಾದರೆ ಮೊದಲೇ ಮೊಬೈಲಿನಲ್ಲಿ ಆ ಸೀಟಿನ ವಿಡಿಯೋ ತೋರಿಸಿ. ಅಪ್‌ಗ್ರೇಡ್ ಆದ ಮೇಲೆ ಸಸ್ಯಾಹಾರಿ ಊಟವನ್ನು ಮತ್ತೊಮ್ಮೆ ಹೇಳಿಸಿ. ರೊಟ್ಟಿ ಅವರ ಚೀಲದಲ್ಲೇ ಇರಲಿ. ಇಲ್ಲವಾದರೆ ಇಬ್ಬರೂ ಸೇರಿ ಪ್ರೀಮಿಯಂ ಇಕಾನಮಿಗೆ, ಅಂದರೆ ಇಕಾನಮಿಗೂ ಬಿಸಿನೆಸ್ಸಿಗೂ ನಡುವಿನ ಕ್ಲಾಸಿಗೆ, ಹೋಗುವುದು ಮೇಲು. ಕಾಲು ಚಾಚಲು ಜಾಗ ಜಾಸ್ತಿ, ಸೀಟೂ ಅಗಲ, ಮೈಲು ಕಡಿಮೆ. ಹೇಗೂ ಮೈಲಿನಲ್ಲಿ ಸಾಮಾನ್ಯವಾಗಿ ಒಂದೇ ಮೆಟ್ಟಿಲು ಏರಲು ಬಿಡೋದು. ಬ್ರಿಟಿಷ್ ಏರ್‌ವೇಸ್‌ನಲ್ಲಿ ಪ್ರೀಮಿಯಂ ಇಕಾನಮಿ ಇರುವ ವಿಮಾನ ಆದರೆ ಇಕಾನಮಿಯವರು ಅಲ್ಲಿಗಷ್ಟೇ.

ಬೇರೆ ಬೇರೆ ಮಾತು ಬೇಗ ಹೇಳಿ ಮುಗಿಸುತ್ತೇನೆ. ಟಿಕೆಟ್ ಆದ ಮೇಲೆ ಕೆಲವು ಕಂಪನಿಗಳಿಂದ 'ಅಪ್‌ಗ್ರೇಡಿಗೆ ಬಿಡ್ ಮಾಡಿ' ಅಂತ ಇಮೇಲ್ ಬರುತ್ತೆ. ಅದು ದುಡ್ಡಿನ ಹರಾಜು. ಕನಿಷ್ಠಕ್ಕಿಂತ ಸ್ವಲ್ಪವೇ ಮೇಲೆ ಕೂಗಿ ಸುಮ್ಮನಿರಿ. ಆದರೆ ಒಮ್ಮೆ ಒಪ್ಪಿಗೆ ಆದರೆ ವಾಪಸ್ ಇಲ್ಲ. ಬ್ಯಾಂಕ್ ಕಾರ್ಡಿನ ಪಾಯಿಂಟನ್ನು ಮೈಲು ಮಾಡಿದರೂ ಹಾಗೇ, ಮತ್ತೆ ಪಾಯಿಂಟ್ ಆಗಲ್ಲ. ಸೀಟು ಕಣ್ಣಿಗೆ ಕಾಣುವ ತನಕ ವರ್ಗಾಯಿಸಬೇಡಿ. ಮೈಲಿಗೂ ಅವಧಿ ಇದೆ, ಎಮಿರೇಟ್ಸ್ ಮತ್ತು ಸಿಂಗಪುರದ್ದು ಮೂರು ವರ್ಷ. 'ನಮ್ಮ ಹತ್ತಿರ ಬೇರೆಯವರ ಮೈಲಿದೆ, ಅರ್ಧ ರೇಟಿಗೆ ಬಿಸಿನೆಸ್ ಕೊಡಿಸ್ತೀವಿ' ಅನ್ನೋ ಏಜೆಂಟರ ಹತ್ತಿರ ಹೋಗಲೇಬೇಡಿ. ಮೈಲು ಮಾರುವುದು ನಿಯಮಕ್ಕೆ ವಿರುದ್ಧ, ಕಂಪನಿಗೆ ಗೊತ್ತಾದರೆ ಟಿಕೆಟ್ಟೇ ರದ್ದು.

ಹೆಸರಿನ ತೊಂದರೆ ನಮ್ಮ ಕಡೆ ಜಾಸ್ತಿ. ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು, ಊರ ಹೆಸರು ಬಿಡಿಸಿ ಬರೆದಿರುತ್ತೆ. ಮೈಲಿನ ಖಾತೆಯಲ್ಲಿ ಬರೀ ಇನಿಷಿಯಲ್. ಎರಡೂ ಕೂಡದಿದ್ದರೆ ಮೈಲು ಜಮಾ ಆಗಲ್ಲ. ಈಗಲೇ ಸರಿಮಾಡಿಸಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ, ಜಮಾ ಆಗದಿದ್ದರೆ ಅದೇ ಸಾಕ್ಷಿ.

ಗಾಲಿಕುರ್ಚಿಗೆ ಯಾವ ಕ್ಲಾಸೂ ಬೇಕಿಲ್ಲ, ದುಡ್ಡೂ ಇಲ್ಲ. ಟಿಕೆಟ್ ಮಾಡಿಸುವಾಗಲೇ ಬರೆಸಿ. ನಿಜ ಹೇಳಬೇಕೆಂದರೆ ನಮ್ಮ ಮನೆಯವರಿಗೆ ಹಾಸಿಗೆ ಸೀಟಿಗಿಂತ ಇದೇ ಜಾಸ್ತಿ ಉಪಯೋಗ ಆಯಿತು. ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ.

ಇನ್ನು, ಅಂಟಿನ ಉಂಡಿ ಧಾರಾಳ ಒಯ್ಯಿರಿ. ಆದರೆ ಮನೆಯ ಸೋನಾ ಮಸೂರಿ ಹತ್ತು ಕಿಲೋ ಕಟ್ಟಿಕೊಂಡು ಹೋಗಬೇಡಿ. ಕಾಳು ತಿನ್ನುವ ಖಾಪ್ರಾ ಹುಳ ಇರುವ ದೇಶಗಳ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಅಮೆರಿಕ ಬಿಡಲ್ಲ, ನಮ್ಮ ದೇಶ ಆ ಪಟ್ಟಿಯಲ್ಲಿದೆ. ನನ್ನದು ಡಲ್ಲಾಸಿನಲ್ಲಿ ಕಸದ ಡಬ್ಬಿಗೆ ಹೋಯಿತು. ನಾವೇ ಬೆಳೆದ ಅಕ್ಕಿ, ಕಣ್ಣೆದುರಿಗೇ.

ಕಂಪನಿ ಯಾವುದು, ಯಾವ ತಿಂಗಳು ಅಂತ ಇಲ್ಲೇ ಬರೆಯಿರಿ. ಟಿಕೆಟ್ ನೋಡಿದ್ದರೆ ಅದರ ಫೋಟೋ ಹಾಕಿ, ಅಕ್ಷರ ನೋಡಿ ಹೇಳುತ್ತೇನೆ. ಹಾಕುವಾಗ ಪಿಎನ್‌ಆರ್ ಮೇಲೆ ಬೆರಳು ಇಡಿ. ಆ ನಂಬರ್ ಮತ್ತು ಹೆಸರು ಸಿಕ್ಕರೆ ಯಾರು ಬೇಕಾದರೂ ನಿಮ್ಮ ಬುಕಿಂಗ್ ತೆರೆಯಬಹುದು, ನಮ್ಮ ಗುಂಪಿನಲ್ಲಿ ಜನ ಬಹಳ ಇದ್ದಾರೆ.